ಪಟ್ಟಿಯಲ್ಲಿ ಮೊದಲು ಬಂದ ಮಿಶ್ರಲೋಹ: ಒಂದು ಕ್ಯಾಥೋಡ್ ಹುಡುಕಾಟದ ಪ್ರಕರಣ

ನೀರನ್ನು ಒಡೆದು ಹೈಡ್ರೋಜನ್ ತೆಗೆಯುವ ಎಲೆಕ್ಟ್ರೋಡ್‌ಗೆ, ಅಂದರೆ ಕ್ಯಾಥೋಡ್‌ಗೆ, ಯಾವ ಲೋಹ ಒಗ್ಗುತ್ತದೆ ಅಂತ ಮೊದಲೇ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಹೇಳಬಹುದೇ? ಹೇಳಬಹುದು. ಆದರೆ ಆ ಲೆಕ್ಕ ಯಾವುದರ ಬಗ್ಗೆ ಹೇಳುತ್ತಿದೆ ಅನ್ನುವುದೇ ಈ ಪ್ರಕರಣದ ಗಂಟು. ಒಂದು ಸಣ್ಣ ಸಂಶೋಧನಾ ತಂಡದ ನೋಟ್‌ಬುಕ್‌ಗಳನ್ನು ಓದಿ, ಅದರಲ್ಲಿದ್ದ ಮೂವರ ಜೊತೆ ಮಾತಾಡಿ ಇದನ್ನು ಬರೆದಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ. ಮಿಶ್ರಲೋಹಗಳ ಪೂರ್ತಿ ಸಂಯೋಜನೆಯನ್ನೂ ಕೊಟ್ಟಿಲ್ಲ, ಇಲ್ಲಿ ಅದರ ಅಗತ್ಯವೂ ಇಲ್ಲ.

ಹಿನ್ನೆಲೆ

ತಂಡದ ಮುಂದಿದ್ದ ಕೆಲಸ ಸರಳವಾಗಿತ್ತು. ಕ್ಷಾರೀಯ ಎಲೆಕ್ಟ್ರೋಲೈಸರ್‌ಗೆ, ಅಂದರೆ ಕ್ಷಾರದ ದ್ರಾವಣದಲ್ಲಿ ವಿದ್ಯುತ್ತಿನಿಂದ ನೀರನ್ನು ಒಡೆಯುವ ಯಂತ್ರಕ್ಕೆ, ಪ್ಲಾಟಿನಂ ಇಲ್ಲದ ಒಂದು ಕ್ಯಾಥೋಡ್ ಬೇಕು. ನಿಕ್ಕಲ್ ಆಧಾರ, ಅದಕ್ಕೆ ಒಂದೋ ಎರಡೋ ಬೇರೆ ಲೋಹ. ಹೀಗೆ ಬೆರೆಸುತ್ತಾ ಹೋದರೆ ಕಾಗದದ ಮೇಲೆ ಸಾವಿರಾರು ಮಿಶ್ರಲೋಹಗಳು ಹುಟ್ಟುತ್ತವೆ. ಲ್ಯಾಬಿನಲ್ಲಿ ಮಾಡಿ, ಹೊಳಪು ಕೊಟ್ಟು, ಅಳೆದು ನೋಡಲು ಆಗುವುದು ಕೈಬೆರಳೆಣಿಕೆಯಷ್ಟು. ಹಾಗಾಗಿ ಮೊದಲು ಕಂಪ್ಯೂಟರ್ ಆರಿಸಲಿ, ಆಮೇಲೆ ಲ್ಯಾಬು ನೋಡಲಿ ಅಂತ ತೀರ್ಮಾನವಾಯಿತು.

ತಂಡದಲ್ಲಿ ಲೆಕ್ಕ ನೋಡುವವರು ಒಬ್ಬರು, ಲ್ಯಾಬಿನಲ್ಲಿ ಅಳೆಯುವವರು ಒಬ್ಬರು, ಮೇಲೆ ಒಬ್ಬರು ಮುಖ್ಯಸ್ಥೆ. ಆಗಾಗ ಬಂದು ಹೋಗುವ ಒಬ್ಬ ಇಂಜಿನಿಯರ್ ಕೂಡ ಇದ್ದರು. ಅವರ ಮಾತು ಕೊನೆಯಲ್ಲಿ ಬರುತ್ತದೆ.

ಮೊದಲ ಮಾಡೆಲ್, ಮೊದಲ ಪ್ರಶ್ನೆ

ಪ್ರಕಟವಾದ ಪೇಪರುಗಳಿಂದ ಓವರ್‌ಪೊಟೆನ್ಶಿಯಲ್ ಅಂಕಿಗಳನ್ನು ಗುಡ್ಡೆ ಹಾಕುವುದರಿಂದ ಕೆಲಸ ಶುರುವಾಯಿತು. ಒಂದು ಚದರ ಸೆಂಟಿಮೀಟರಿಗೆ 10 ಮಿಲಿಆಂಪಿಯರ್ ಕರೆಂಟ್ ಹರಿಸಲು ಎಷ್ಟು ಮಿಲಿವೋಲ್ಟ್ ಹೆಚ್ಚುವರಿಯಾಗಿ ಕೊಡಬೇಕು? ಈ ಕ್ಷೇತ್ರದಲ್ಲಿ ಎಲ್ಲರೂ ಹೇಳುವ ಅಂಕಿ ಇದು. ಪ್ರತಿ ಸ್ಯಾಂಪಲ್‌ಗೂ ಧಾತುಗಳ ಗುಣ, ಪ್ರಮಾಣ, ತಯಾರಿಸಿದ ವಿಧಾನ ಎಲ್ಲ ಸೇರಿಸಿ ಒಂದು ರ‍್ಯಾಂಡಮ್ ಫಾರೆಸ್ಟ್ ಮಾಡೆಲ್ (ಉದಾಹರಣೆಗಳಿಂದ ಕಲಿತು ಊಹಿಸುವ ಕಂಪ್ಯೂಟರ್ ವಿಧಾನ) ಕಟ್ಟಿದರು. ಡೇಟಾದ ಐದರಲ್ಲಿ ಒಂದು ಭಾಗವನ್ನು ಪರೀಕ್ಷೆಗೆ ಅಂತ ಪಕ್ಕಕ್ಕಿಟ್ಟಿದ್ದರು. ಅದರ ಮೇಲೆ ಮಾಡೆಲ್ ಚೆನ್ನಾಗಿಯೇ ಊಹಿಸಿತು. ಗ್ರಾಫಿನಲ್ಲಿ ಚುಕ್ಕೆಗಳು ಗೆರೆಗೆ ಅಂಟಿಕೊಂಡು ಕೂತಿದ್ದವು.

ಆಗ ಲ್ಯಾಬಿನವರು ಒಂದು ಪ್ರಶ್ನೆ ಕೇಳಿದರು: "ಒಂದೇ ಪೇಪರಿನ ಸ್ಯಾಂಪಲ್‌ಗಳು ಕಲಿಯುವ ಕಡೆಯೂ ಇವೆ, ಪರೀಕ್ಷೆಯ ಕಡೆಯೂ ಇವೆ, ಅಲ್ವಾ?"

ಇದ್ದವು. ಒಂದು ಪೇಪರ್ ಅಂದರೆ ಸಾಮಾನ್ಯವಾಗಿ ಒಂದೇ ಮಿಶ್ರಲೋಹದ ನಾಲ್ಕೈದು ಪ್ರಮಾಣ, ಒಂದೇ ಕೈ, ಒಂದೇ ಉಪಕರಣ. ಅವುಗಳಲ್ಲಿ ನಾಲ್ಕನ್ನು ಕಲಿಸಿ ಐದನೆಯದನ್ನು ಕೇಳಿದರೆ ಯಾರು ಬೇಕಾದರೂ ಹೇಳುತ್ತಾರೆ. ಸರಿ, ಡೇಟಾವನ್ನು ಪೇಪರಿನ ಲೆಕ್ಕದಲ್ಲಿ ಭಾಗ ಮಾಡಿದರು. ಒಂದು ಪೇಪರ್ ಪೂರ್ತಿ ಈ ಕಡೆ, ಇಲ್ಲವೇ ಪೂರ್ತಿ ಆ ಕಡೆ. ಆಗ ಮಾಡೆಲ್ ಕುಸಿಯಿತು. ಎಲ್ಲದಕ್ಕೂ ಸುಮ್ನೆ ಸರಾಸರಿಯನ್ನೇ ಉತ್ತರ ಅಂತ ಹೇಳಿದ್ದರೆ ಎಷ್ಟು ತಪ್ಪಾಗುತ್ತಿತ್ತೋ, ಅದಕ್ಕಿಂತ ಸ್ವಲ್ಪ ಮಾತ್ರ ವಾಸಿ.

ನನ್ನ ಲೆಕ್ಕದಲ್ಲಿ ಪ್ರಕರಣದ ಮೊದಲ ತಿರುವು ಇದು. ಹೆಚ್ಚಿನವರು ಇಲ್ಲಿ "ಡೇಟಾ ಕಡಿಮೆಯಾಯಿತು, ಇನ್ನಷ್ಟು ಸೇರಿಸೋಣ" ಅನ್ನುತ್ತಾರೆ. ಈ ತಂಡ ಮಾತ್ರ ಮಾಡೆಲ್ ಯಾವುದನ್ನು ನೋಡಿ ಉತ್ತರ ಹೇಳುತ್ತಿದೆ ಅಂತ ಹುಡುಕಿತು. ಎಲ್ಲಕ್ಕಿಂತ ಜಾಸ್ತಿ ತೂಕ ಪಡೆದಿದ್ದು ಯಾವ ಧಾತುವೂ ಅಲ್ಲ. ಸ್ಯಾಂಪಲ್ ಚಪ್ಪಟೆ ಹಾಳೆಯ ಮೇಲಿದೆಯೋ ಸ್ಪಂಜಿನಂಥ ನಿಕ್ಕಲ್ ಫೋಮ್ ಮೇಲಿದೆಯೋ, ಪ್ರತಿ ಚದರ ಸೆಂಟಿಮೀಟರಿಗೆ ಎಷ್ಟು ಮಿಲಿಗ್ರಾಂ ಹಚ್ಚಿದ್ದಾರೆ ಅನ್ನುವುದಕ್ಕೇ ತೂಕ.

ಯೋಚಿಸಿದರೆ ಇದರಲ್ಲಿ ಆಶ್ಚರ್ಯವಿಲ್ಲ. 10 ಮಿಲಿಆಂಪಿಯರ್ ಅನ್ನುವುದು ಹೊರಗಿನಿಂದ ಸ್ಕೇಲ್ ಇಟ್ಟು ಅಳೆದ ಒಂದು ಚದರ ಸೆಂಟಿಮೀಟರಿಗೆ. ಫೋಮಿನ ಒಳಗೆ ನಿಜವಾದ ಮೇಲ್ಮೈ ಅದರ ಎಷ್ಟೋ ಪಟ್ಟು ಇರುತ್ತದೆ. ಅದೇ ಲೋಹವನ್ನೇ ಉಬ್ಬುತಗ್ಗಾಗಿ ಮಾಡಿ, ದಪ್ಪಗೆ ಹಚ್ಚಿದರೆ ಅಂಕಿ ತಾನಾಗಿ ಇಳಿಯುತ್ತದೆ. ಹಾಗಾಗಿ ಮಾಡೆಲ್ ಊಹಿಸುತ್ತಿದ್ದದ್ದು ಲೋಹದ ಗುಣವನ್ನಲ್ಲ, ಎಲೆಕ್ಟ್ರೋಡ್ ಎಷ್ಟು ಒರಟು ಅನ್ನುವುದನ್ನು. ಪೇಪರುಗಳಲ್ಲಿ ಗೆದ್ದ ಸ್ಯಾಂಪಲ್‌ಗಳೇ ಪ್ರಕಟವಾಗುತ್ತವೆ, ಸೋತವು ಡ್ರಾಯರ್‌ನಲ್ಲಿ ಉಳಿಯುತ್ತವೆ ಅನ್ನುವ ತೊಂದರೆ ಬೇರೆ.

ಬೆಟ್ಟದ ಆಕಾರದ ಗ್ರಾಫ್

ಪೇಪರಿನ ಅಂಕಿಗಳನ್ನು ಬಿಟ್ಟು ಭೌತಿಕ ಲೆಕ್ಕಕ್ಕೆ ಹೋಗೋಣ ಅಂತ ಮುಂದಿನ ತೀರ್ಮಾನ. ಇದಕ್ಕೆ ಹಳೆಯ ಬೇರಿದೆ. ಹೈಡ್ರೋಜನ್ ಪರಮಾಣು ಲೋಹದ ಮೇಲ್ಮೈಗೆ ಸಡಿಲವಾಗಿ ಅಂಟಿದರೆ ಕೆಲಸ ಶುರುವಾಗುವುದಿಲ್ಲ. ಬಿಗಿಯಾಗಿ ಅಂಟಿದರೆ ಬಿಟ್ಟು ಹೋಗುವುದಿಲ್ಲ. ನಡುವೆ ಎಲ್ಲೋ ಒಂದು ಹದ ಇರಬೇಕು. ಸಬಾಟಿಯೆ ತತ್ವ ಅಂತ ಕರೆಯುವುದು ಇದನ್ನೇ. 1958ರಲ್ಲಿ ಪಾರ್ಸನ್ಸ್ ಇದನ್ನು ಹೈಡ್ರೋಜನ್ ಕ್ರಿಯೆಗೆ ಸೂತ್ರದ ರೂಪದಲ್ಲಿ ಹಾಕಿದರು. 1972ರಲ್ಲಿ ತ್ರಸಾತ್ತಿ ಹಲವು ಲೋಹಗಳ ಅಂಕಿ ಸೇರಿಸಿ ಬೆಟ್ಟದ ಆಕಾರದ ಗ್ರಾಫ್ ಬಿಡಿಸಿದರು, ಅಡ್ಡಕ್ಕೆ ಅಂಟುವ ಬಿಗಿ, ಮೇಲಕ್ಕೆ ಕ್ರಿಯೆಯ ವೇಗ. 2005ರಲ್ಲಿ ನೋರ್ಸ್ಕೋವ್ ಮತ್ತು ಸಂಗಡಿಗರು ಅದೇ ಬೆಟ್ಟವನ್ನು ಡಿಎಫ್‌ಟಿ ಲೆಕ್ಕದಿಂದ (ಕ್ವಾಂಟಂ ಸಿದ್ಧಾಂತದ ಮೇಲೆ ಪರಮಾಣುಗಳ ಶಕ್ತಿಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ವಿಧಾನ) ಕಟ್ಟಿ ತೋರಿಸಿದರು. ಅವರ ಅಳತೆಗೋಲು ಡೆಲ್ಟಾ ಜಿ, ಅಂದರೆ ಹೈಡ್ರೋಜನ್ ಅಂಟುವಾಗಿನ ಮುಕ್ತ ಶಕ್ತಿಯ ಬದಲಾವಣೆ. ಕಂಪ್ಯೂಟರ್ ಕೊಡುವ ಅಂಟುವ ಶಕ್ತಿಗೆ ಸುಮಾರು 0.24 ಎಲೆಕ್ಟ್ರಾನ್‌ವೋಲ್ಟ್ ಸೇರಿಸಿದರೆ ಇದು ಸಿಗುತ್ತದೆ. ಸೊನ್ನೆಗೆ ಹತ್ತಿರವಿದ್ದಷ್ಟೂ ಒಳ್ಳೆಯದು. ಪ್ಲಾಟಿನಂಗೆ ಸುಮಾರು ಮೈನಸ್ 0.09.

ಈ ವಿಧಾನಕ್ಕೆ ಒಳ್ಳೆಯ ದಾಖಲೆಯೂ ಇದೆ. ಮಾಲಿಬ್ಡಿನಂ ಸಲ್ಫೈಡ್‌ನ ಚಪ್ಪಟೆ ಮುಖ ನಿಷ್ಪ್ರಯೋಜಕ, ಅದರ ಅಂಚು ಮಾತ್ರ ಕೆಲಸ ಮಾಡುತ್ತದೆ ಅಂತ 2005ರಲ್ಲಿ ಲೆಕ್ಕ ಹೇಳಿತು. 2007ರಲ್ಲಿ ಪ್ರಯೋಗ ಅದನ್ನು ಗಟ್ಟಿ ಮಾಡಿತು. ಕ್ರಿಯೆಯ ವೇಗ ಅಂಚಿನ ಉದ್ದಕ್ಕೆ ತಕ್ಕಂತೆ ಏರುತ್ತಿತ್ತು, ಮುಖದ ವಿಸ್ತೀರ್ಣಕ್ಕೆ ತಕ್ಕಂತೆ ಅಲ್ಲ.

ತಂಡವೂ ಇದೇ ದಾರಿ ಹಿಡಿಯಿತು. 2020ರಲ್ಲಿ ಹೊರಬಂದ ಓಪನ್ ಕ್ಯಾಟಲಿಸ್ಟ್ ಅನ್ನುವ ಸಾರ್ವಜನಿಕ ಡೇಟಾದಲ್ಲಿ ಇಂಥ ಹತ್ತು ಲಕ್ಷಕ್ಕೂ ಹೆಚ್ಚು ಡಿಎಫ್‌ಟಿ ಲೆಕ್ಕಗಳಿವೆ. ಅದರ ಮೇಲೆ ತರಬೇತಿ ಪಡೆದ ನ್ಯೂರಲ್ ನೆಟ್‌ವರ್ಕ್‌ನಿಂದ ಮೊದಲ ಸೋಸುವಿಕೆ, ಉಳಿದವಕ್ಕೆ ಡಿಎಫ್‌ಟಿ. ಕೊನೆಗೆ ಒಂದು ಪಟ್ಟಿ ಬಂತು. ಮೊದಲನೆಯದು, ಎರಡನೆಯದು, ಮೂರನೆಯದು ಅಂತ ಕ್ರಮವಾಗಿ, ಮೂರು ದಶಮಾಂಶದವರೆಗೆ.

ಆ ಮೂರು ದಶಮಾಂಶ ನೋಡಿದರೆ ನನಗೆ ಈಗಲೂ ಕಿರಿಕಿರಿ. ಲೆಕ್ಕ ಹಾಕಿ ನೋಡಿ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 0.059 ಎಲೆಕ್ಟ್ರಾನ್‌ವೋಲ್ಟ್ ವ್ಯತ್ಯಾಸ ಅಂದರೆ ವೇಗದಲ್ಲಿ ಹತ್ತು ಪಟ್ಟು. 0.1 ಅಂದರೆ ಸುಮಾರು ಐವತ್ತು ಪಟ್ಟು. ಅಂಟುವ ಶಕ್ತಿಯಲ್ಲಿ ಡಿಎಫ್‌ಟಿಯ ತಪ್ಪೇ 0.1ರಿಂದ 0.2ರವರೆಗೆ ಇರಬಹುದು. ಹಾಗಿರುವಾಗ 0.021 ಇರುವುದು ಮೇಲೆ, 0.048 ಇರುವುದು ಕೆಳಗೆ ಅನ್ನುವುದಕ್ಕೆ ಅರ್ಥವೇ ಇಲ್ಲ. ಬೆಟ್ಟದ ಗ್ರಾಫ್ ಅಷ್ಟು ಚೆನ್ನಾಗಿ ಕಾಣುವುದಕ್ಕೆ ಕಾರಣ, ಅದರಲ್ಲಿ ಪಾದರಸಕ್ಕೂ ಪ್ಲಾಟಿನಂಗೂ ನಡುವೆ ನೂರು ಕೋಟಿ ಪಟ್ಟಿನ ಆಸುಪಾಸು ಅಂತರವಿದೆ. ದೂರದ ಬೆಟ್ಟ ನುಣ್ಣಗೆ. ತಂಡಕ್ಕೆ ಬೇಕಿದ್ದದ್ದು ತುದಿಯ ಹತ್ತಿರದ ಒಂದು ಸಣ್ಣ ಜಾಗದಲ್ಲಿ ಕಲ್ಲು ಯಾವುದು, ಗುಂಡಿ ಯಾವುದು ಅಂತ.

ಆದರೂ ಪಟ್ಟಿ ಲ್ಯಾಬಿಗೆ ಹೋಯಿತು. ಒಂದು ಒಳ್ಳೆಯ ಕೆಲಸ ಮಾತ್ರ ಮಾಡಿದರು. ಮೇಲಿನವುಗಳ ಜೊತೆ ಪಟ್ಟಿಯ ತಳದಿಂದಲೂ ಕೆಲವನ್ನು ಬೇಕೆಂದೇ ಸೇರಿಸಿದರು. ಇದು ಲ್ಯಾಬಿನವರ ಹಟ. ಗೆಲ್ಲುತ್ತವೆ ಅಂದವನ್ನೇ ಅಳೆದರೆ ಊಹೆ ಸರಿಯೋ ತಪ್ಪೋ ಹೇಗೆ ಗೊತ್ತಾಗಬೇಕು ಅಂತ ಅವರ ವಾದ. ಮುಂದೆ ಇದರಿಂದಲೇ ತಂಡ ಬಚಾವಾಯಿತು.

ಕರೆಂಟ್ ಕೊಡುವ ಮೊದಲೇ ಬಂದ ಗುಳ್ಳೆ

ಪಟ್ಟಿಯಲ್ಲಿ ಮೊದಲು ಬಂದದ್ದು ಅಲ್ಯೂಮಿನಿಯಂ ಜಾಸ್ತಿ ಇರುವ ಒಂದು ನಿಕ್ಕಲ್ ಮಿಶ್ರಲೋಹ. ಒಂದು ಮೋಲಾರ್ ಪೊಟ್ಯಾಷಿಯಂ ಹೈಡ್ರಾಕ್ಸೈಡ್ ಅನ್ನುವ ಕ್ಷಾರದ ದ್ರಾವಣದಲ್ಲಿ ಇಳಿಸಿ ಅಳೆದಾಗ ಶುರುವಿನಲ್ಲಿ ಸಾಧಾರಣ ಅನ್ನಿಸಿತು. ಆಮೇಲೆ ಗಂಟೆ ಗಂಟೆಗೂ ಸುಧಾರಿಸುತ್ತಾ ಹೋಯಿತು. ಮರುದಿನ ನೋಡಿದರೆ ಶುದ್ಧ ನಿಕ್ಕಲ್ ಹಾಳೆಗಿಂತ ಎಷ್ಟೋ ಮುಂದಿತ್ತು. ಲೆಕ್ಕದವರಿಗೆ ಖುಷಿಯೋ ಖುಷಿ. ಊಹೆ ನಿಜವಾಯಿತು, ಮೇಲ್ಮೈ "ಪಳಗುತ್ತಿದೆ" ಅಂದುಕೊಂಡರು.

ಲ್ಯಾಬಿನ ನೋಟ್‌ಬುಕ್‌ನಲ್ಲಿ ಅದೇ ದಿನದ ಪುಟದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದ ಒಂದು ಸಾಲಿದೆ: "ಕರೆಂಟ್ ಕೊಡುವ ಮೊದಲೇ ಸಣ್ಣ ಗುಳ್ಳೆ. ವೈರ್ ಬಿಚ್ಚಿ ನೋಡಿದೆ, ಆಗಲೂ ಗುಳ್ಳೆ."

ವೈರ್ ಬಿಚ್ಚಿದ ಮೇಲೂ ಹೈಡ್ರೋಜನ್ ಬರುತ್ತಿದೆ ಅಂದರೆ ಅದು ವಿದ್ಯುತ್ತಿನ ಕೆಲಸ ಅಲ್ಲ. ಅಲ್ಯೂಮಿನಿಯಂ ಕ್ಷಾರದಲ್ಲಿ ಕರಗಿ, ಕರಗುವಾಗ ಹೈಡ್ರೋಜನ್ ಬಿಡುತ್ತಿತ್ತು. ಉಳಿಯುತ್ತಿದ್ದದ್ದು ತೂತು ತೂತಾದ ನಿಕ್ಕಲ್. ರೇನಿ ನಿಕ್ಕಲ್ ಅಂತ 1920ರ ದಶಕದಿಂದ ಜನ ಬೇಕೆಂದೇ ಮಾಡಿಕೊಂಡು ಬಂದದ್ದು ಇದನ್ನೇ. ದ್ರಾವಣವನ್ನು ಪರೀಕ್ಷೆಗೆ ಕಳಿಸಿದರು. ಅಲ್ಯೂಮಿನಿಯಂ ಧಾರಾಳವಾಗಿ ಸಿಕ್ಕಿತು. ಮೇಲ್ಮೈ ಎಷ್ಟು ವಿದ್ಯುದಾವೇಶ ಹಿಡಿದಿಡುತ್ತದೆ ಅನ್ನುವ ಡಬಲ್ ಲೇಯರ್ ಕೆಪಾಸಿಟೆನ್ಸ್ ಅಳೆದಾಗ ನಿಜವಾದ ಮೇಲ್ಮೈ ಹಲವು ಪಟ್ಟು ಬೆಳೆದಿದ್ದು ಕಂಡಿತು. ಕರೆಂಟನ್ನು ಆ ಮೇಲ್ಮೈಯಿಂದ ಭಾಗಿಸಿದರೆ ಬಂದದ್ದು ಮಾಮೂಲಿ ನಿಕ್ಕಲ್‌ನಷ್ಟೇ.

ಕಂಪ್ಯೂಟರ್ ಲೆಕ್ಕ ಹಾಕಿದ ಮೇಲ್ಮೈ ಆ ಪಾತ್ರೆಯಲ್ಲಿ ಇರಲೇ ಇಲ್ಲ. ಊಹೆ ಸರಿಯಾಯಿತು ಅನ್ನುವ ಹಾಗೂ ಇಲ್ಲ, ತಪ್ಪಾಯಿತು ಅನ್ನುವ ಹಾಗೂ ಇಲ್ಲ. ಅದನ್ನು ಪರೀಕ್ಷಿಸಿಯೇ ಇರಲಿಲ್ಲ.

ತಳದಿಂದ ಎದ್ದ ಸ್ಯಾಂಪಲ್

ಅಷ್ಟರಲ್ಲಿ ಇನ್ನೊಂದು ವಿಚಿತ್ರ. ತಳದಿಂದ ಆರಿಸಿದ, ಅಲ್ಯೂಮಿನಿಯಂ ಇಲ್ಲದ ಒಂದು ಸ್ಯಾಂಪಲ್ ಕೂಡ ದಿನಗಳೆದಂತೆ ಮೇಲೇರತೊಡಗಿತು. ಕೊನೆಗೆ ಅದೇ ಎಲ್ಲಕ್ಕಿಂತ ಮುಂದೆ ಬಂತು. ಇದು ಕರಗುವ ಜಾತಿಯದೂ ಅಲ್ಲ, ಮೇಲ್ಮೈ ಅಷ್ಟಾಗಿ ಬೆಳೆದಿರಲೂ ಇಲ್ಲ.

ಸಿಕ್ಕಿಬಿದ್ದದ್ದು ಎದುರಿನ ಎಲೆಕ್ಟ್ರೋಡ್. ಕ್ಯಾಥೋಡ್ ಪರೀಕ್ಷಿಸುವಾಗ ಎದುರಿಗೆ ಆನೋಡ್ ಆಗಿ ಪ್ಲಾಟಿನಂ ತಂತಿ ಇಟ್ಟಿದ್ದರು. ಎಷ್ಟೋ ಲ್ಯಾಬುಗಳಲ್ಲಿ ಅಭ್ಯಾಸಬಲದಿಂದ ಇದೇ ಇರುತ್ತದೆ. ಆನೋಡ್ ಆದ ಪ್ಲಾಟಿನಂ ಚೂರು ಚೂರೇ ಕರಗಿ, ದ್ರಾವಣದಲ್ಲಿ ಸಾಗಿ, ಕ್ಯಾಥೋಡ್ ಮೇಲೆ ಹೋಗಿ ಕೂರುತ್ತದೆ. ಕಣ್ಣಿಗೆ ಕಾಣದಷ್ಟು ಕೂತರೂ ಸಾಕು, ಕೆಲಸವನ್ನೆಲ್ಲ ಅದೇ ಮಾಡುತ್ತದೆ. ಪ್ಲಾಟಿನಂ ಇಲ್ಲದ ಕ್ಯಾಥೋಡ್ ಹುಡುಕಲು ಹೊರಟವರು ಪ್ಲಾಟಿನಂ ಅನ್ನೇ ಅಳೆಯುತ್ತಾ ಕೂತಿದ್ದರು.

ಎಕ್ಸ್‌ಪಿಎಸ್‌ನಲ್ಲಿ (ಎಕ್ಸ್-ಕಿರಣ ಬಿಟ್ಟು ಮೇಲ್ಮೈಯ ಧಾತುಗಳನ್ನು ಗುರುತಿಸುವ ಪರೀಕ್ಷೆ) ಆ ಸ್ಯಾಂಪಲ್ ಮೇಲೆ ಪ್ಲಾಟಿನಂ ಗುರುತು ಸಿಕ್ಕಿತು. ಇಲ್ಲೊಂದು ಸೂಕ್ಷ್ಮ ಇದೆ, ಇದೇ ಕೆಲಸ ಮಾಡುವವರಿಗೆ ಉಪಯೋಗವಾದೀತು. ಅಲ್ಯೂಮಿನಿಯಂ ಇರುವ ಸ್ಯಾಂಪಲ್ ಆಗಿದ್ದರೆ ಇದು ಅಷ್ಟು ಸುಲಭವಾಗಿ ಕಾಣುತ್ತಿರಲಿಲ್ಲ. ಅಲ್ಯೂಮಿನಿಯಂನ ಟು-ಪಿ ಗೆರೆ ಮತ್ತು ಪ್ಲಾಟಿನಂನ ಫೋರ್-ಎಫ್ ಗೆರೆಗಳು ಹೆಚ್ಚೂ ಕಡಿಮೆ ಒಂದೇ ಜಾಗದಲ್ಲಿ, 71ರಿಂದ 75 ಎಲೆಕ್ಟ್ರಾನ್‌ವೋಲ್ಟ್ ನಡುವೆ ಬೀಳುತ್ತವೆ. ಒಂದರ ಕೆಳಗೆ ಇನ್ನೊಂದು ಅಡಗಿಬಿಡುತ್ತದೆ. ಅಂಥ ಸ್ಯಾಂಪಲ್ ಆದರೆ ಮೇಲ್ಪದರವನ್ನು ಆಮ್ಲದಲ್ಲಿ ಕರಗಿಸಿ, ದ್ರಾವಣದಲ್ಲಿ ಅತಿ ಸ್ವಲ್ಪ ಇರುವ ಧಾತುವನ್ನೂ ಅಳೆಯುವ ಐಸಿಪಿಎಂಎಸ್‌ಗೆ ಕೊಡಬೇಕು.

ನಿಲ್ಲಿಸುವ ತೀರ್ಮಾನ

ಆಗ ತಂಡದಲ್ಲಿ ಜಗಳವೇ ಆಯಿತಂತೆ. ವರದಿ ಕೊಡುವ ದಿನ ಹತ್ತಿರವಿತ್ತು. ಎರಡು ಸ್ಯಾಂಪಲ್ ಕೈಬಿಟ್ಟು ಉಳಿದವನ್ನು ಬರೆದು ಮುಗಿಸೋಣ ಅಂತ ಒಂದು ವಾದ. "ಮೇಡಂ, ಇವೆರಡರಲ್ಲಿ ಸಿಕ್ಕಿದ್ದು ನಾವು ನೋಡಿದ್ದಕ್ಕೆ. ಉಳಿದವನ್ನು ನಾವು ನೋಡೇ ಇಲ್ಲ" ಅಂತ ಲ್ಯಾಬಿನವರ ಉತ್ತರ. ಮುಖ್ಯಸ್ಥೆ ಅವರ ಮಾತನ್ನೇ ಹಿಡಿದರು. ಎಲ್ಲ ಅಳತೆಯನ್ನೂ ಬದಿಗಿಟ್ಟು ಮೊದಲಿನಿಂದ ಮಾಡಿಸಿದರು. ನನಗೆ ಇಡೀ ಪ್ರಕರಣದಲ್ಲಿ ಅತಿ ಕಷ್ಟದ ತೀರ್ಮಾನ ಅನ್ನಿಸಿದ್ದು ಇದೇ, ಮಾಡೆಲ್ ಬದಲಿಸಿದ್ದಲ್ಲ.

ಎರಡನೇ ಸುತ್ತಿನಲ್ಲಿ ಪ್ಲಾಟಿನಂ ಬದಲು ಗ್ರಾಫೈಟ್ ಕಡ್ಡಿ ಬಂತು, ಎರಡು ಬದಿಗಳ ನಡುವೆ ಮೆಂಬ್ರೇನ್ ಕೂತಿತು. ವೋಲ್ಟೇಜ್ ಅಳೆಯಲು ಹೋಲಿಕೆಗೆ ಇಡುವ ಮರ್ಕ್ಯುರಿ ಆಕ್ಸೈಡ್ ರೆಫರೆನ್ಸ್ ಎಲೆಕ್ಟ್ರೋಡನ್ನು ಪುಸ್ತಕದ ಅಂಕಿಯ ಮೇಲೆ ನಂಬದೆ, ಹೈಡ್ರೋಜನ್ ತುಂಬಿದ ಅದೇ ದ್ರಾವಣದಲ್ಲಿ ಸರಿದೂಗಿಸಿದರು. ದ್ರಾವಣದ ರೆಸಿಸ್ಟೆನ್ಸ್ ತಿದ್ದುಪಡಿಯನ್ನು ಪ್ರತಿ ಸ್ಯಾಂಪಲ್‌ಗೂ ಬೇರೆಯಾಗಿ ಅಳೆದರು. ಇದು ಚಿಕ್ಕ ವಿಷಯ ಅಲ್ಲ. 10 ಮಿಲಿಆಂಪಿಯರ್‌ಗೆ 5 ಓಮ್ ಇದ್ದರೆ 50 ಮಿಲಿವೋಲ್ಟ್ ಅಲ್ಲೇ ಹೋಯಿತು. ಪೇಪರುಗಳಲ್ಲಿ ಎರಡು ಕ್ಯಾಟಲಿಸ್ಟ್‌ಗಳ (ಕ್ರಿಯೆಯ ವೇಗ ಹೆಚ್ಚಿಸುವ ವಸ್ತುಗಳ) ನಡುವೆ "ಭಾರಿ ಸುಧಾರಣೆ" ಅಂತ ಹೇಳುವ ವ್ಯತ್ಯಾಸ ಎಷ್ಟೋ ಸಲ ಅಷ್ಟೂ ಇರುವುದಿಲ್ಲ.

ತಳದಿಂದ ಎದ್ದಿದ್ದ ಸ್ಯಾಂಪಲ್ ಮತ್ತೆ ತಳಕ್ಕೆ ಹೋಗಿ ಕೂತಿತು.

ಮಾಡೆಲ್‌ಗೆ ಕೇಳುವ ಪ್ರಶ್ನೆಯೇ ಬದಲಾಯಿತು

ಅಳತೆ ಶುದ್ಧವಾದ ಮೇಲೆ ಇನ್ನೊಂದು ಸಂಗತಿ ಎದ್ದು ಕಂಡಿತು. ಡೆಲ್ಟಾ ಜಿ ಒಂದೇ ಥರ ಇದ್ದ ಮಿಶ್ರಲೋಹಗಳು ಪಾತ್ರೆಯಲ್ಲಿ ಒಂದೇ ಥರ ಇರಲಿಲ್ಲ. ಕಾರಣ ಕ್ಷಾರವೇ. ಆಮ್ಲದಲ್ಲಿ ಹೈಡ್ರೋಜನ್ ಆಗಬಲ್ಲ ಪ್ರೋಟಾನ್‌ಗೆ ಬರವಿಲ್ಲ. ಕ್ಷಾರದಲ್ಲಿ ಮೇಲ್ಮೈ ಮೊದಲು ನೀರಿನ ಅಣುವನ್ನು ಒಡೆದು ಹೈಡ್ರೋಜನ್ ಪಡೆಯಬೇಕು. ಪ್ಲಾಟಿನಂ ಕೂಡ ಕ್ಷಾರದಲ್ಲಿ ಆಮ್ಲಕ್ಕಿಂತ ಸುಮಾರು ನೂರು ಪಟ್ಟು ನಿಧಾನ. 2011ರಲ್ಲಿ ಅಮೆರಿಕದ ಆರ್ಗಾನ್ ಪ್ರಯೋಗಾಲಯದವರು ಪ್ಲಾಟಿನಂ ಮೇಲೆ ನಿಕ್ಕಲ್ ಹೈಡ್ರಾಕ್ಸೈಡ್‌ನ ಚಿಕ್ಕ ಚಿಕ್ಕ ಗುಡ್ಡೆ ಕೂರಿಸಿ ಆ ವೇಗವನ್ನು ಹಲವು ಪಟ್ಟು ಏರಿಸಿದ್ದರು. ಹೈಡ್ರಾಕ್ಸೈಡ್ ನೀರನ್ನು ಒಡೆಯುತ್ತದೆ, ಹೈಡ್ರೋಜನ್ನನ್ನು ಪ್ಲಾಟಿನಂ ಹಿಡಿಯುತ್ತದೆ ಅನ್ನುವುದು ಅವರ ವಿವರಣೆ. ವಿವರಣೆಯ ಬಗ್ಗೆ ತಜ್ಞರ ನಡುವೆ ಚರ್ಚೆ ಇನ್ನೂ ನಡೆದಿದೆ. ಆದರೆ ಹೈಡ್ರೋಜನ್ ಅಂಟುವ ಶಕ್ತಿಯೊಂದನ್ನೇ ನೋಡಿದರೆ ಕ್ಷಾರದಲ್ಲಿ ಸಾಲದು ಅನ್ನುವುದು ತಂಡದ ಕಣ್ಣೆದುರೇ ಇತ್ತು.

ಹಾಗಾಗಿ "ಯಾವುದು ಒಂದನೇ ಸ್ಥಾನ?" ಅಂತ ಕೇಳುವುದನ್ನು ನಿಲ್ಲಿಸಿ, "ಯಾವುದನ್ನು ಮಾಡುವುದೇ ವ್ಯರ್ಥ?" ಅಂತ ಕೇಳಲು ಶುರು ಮಾಡಿದರು. ಮೊದಲು ನೋಡಿದ್ದು ಮಿಶ್ರಲೋಹ ಪಿಎಚ್ 14ರಲ್ಲಿ, ಕೆಲಸದ ವೋಲ್ಟೇಜ್‌ನಲ್ಲಿ ಉಳಿಯುತ್ತದೋ ಇಲ್ಲವೋ ಅಂತ. ಇದಕ್ಕೆ ಪೂರ್ಬೇ ನಕ್ಷೆ (ಯಾವ ಪಿಎಚ್, ಯಾವ ವೋಲ್ಟೇಜ್‌ನಲ್ಲಿ ಲೋಹ ಉಳಿಯುತ್ತದೆ, ಯಾವಾಗ ಕರಗುತ್ತದೆ ಅಂತ ತೋರಿಸುವ ನಕ್ಷೆ) ಸಾಕು, ಮೆಟೀರಿಯಲ್ಸ್ ಪ್ರಾಜೆಕ್ಟ್ ಡೇಟಾಬೇಸ್‌ನಲ್ಲಿ ಸುಲಭವಾಗಿ ಸಿಗುತ್ತದೆ. ಈ ಒಂದು ಜರಡಿಯನ್ನು ಮೊದಲೇ ಹಿಡಿದಿದ್ದರೆ ಅಲ್ಯೂಮಿನಿಯಂ ಕಥೆ ಲ್ಯಾಬಿನವರೆಗೆ ಬರುತ್ತಲೇ ಇರಲಿಲ್ಲ. ಉಳಿದವಕ್ಕೆ ಹೈಡ್ರೋಜನ್ ಅಂಟುವ ಶಕ್ತಿ, ಅದೂ ಖಾಲಿ ಮೇಲ್ಮೈಯಲ್ಲಿ ಮಾತ್ರವಲ್ಲ, ಹೈಡ್ರೋಜನ್ ಸಾಕಷ್ಟು ತುಂಬಿಕೊಂಡ ಮೇಲ್ಮೈಯಲ್ಲೂ. ಜೊತೆಗೆ ಹೈಡ್ರಾಕ್ಸೈಡ್ ಅಂಟುವ ಶಕ್ತಿ, ನೀರು ಎಷ್ಟು ಸುಲಭವಾಗಿ ಒಡೆಯಬಹುದು ಅನ್ನುವುದಕ್ಕೆ ಒಂದು ಸುಳಿವಾಗಿ. ಪ್ರತಿ ಅಂಕಿಯ ಪಕ್ಕದಲ್ಲೂ ಎಷ್ಟು ಹೆಚ್ಚುಕಡಿಮೆ ಆಗಬಹುದು ಅಂತ ಬರೆದರು. ಆ ಹೆಚ್ಚುಕಡಿಮೆಯೊಳಗೆ ಬೀಳುವ ಎಲ್ಲವೂ ಒಂದೇ ಗುಂಪು. ಗುಂಪಿನೊಳಗೆ ಮೇಲು ಕೀಳು ಇಲ್ಲ, ಮಾಡಲು ಸುಲಭವಾದದ್ದನ್ನು ಲ್ಯಾಬಿನವರು ಆರಿಸಿಕೊಳ್ಳಲಿ ಅಂತ ಬಿಟ್ಟರು.

ಏನು ಸಿಕ್ಕಿತು

ಬೆರಗಾಗುವಂಥ ಹೊಸ ಲೋಹ ಸಿಗಲಿಲ್ಲ. ಒಳ್ಳೆಯ ಗುಂಪಿನಲ್ಲಿ ನಿಕ್ಕಲ್-ಮಾಲಿಬ್ಡಿನಂ ಬಂದು ಕೂತಿತು. ದಶಕಗಳಿಂದ ಗೊತ್ತಿರುವ ಕ್ಯಾಟಲಿಸ್ಟ್ ಅದು. ಇದರಲ್ಲೇನು ದೊಡ್ಡಸ್ತಿಕೆ ಅಂತ ಯಾರಾದರೂ ಕೇಳಿಯಾರು. ಗೊತ್ತಿರುವ ಒಳ್ಳೆಯದನ್ನು ಯಾರೂ ಹೇಳಿಕೊಡದೆ ಲೆಕ್ಕ ಗುರುತಿಸಿತು ಅನ್ನುವುದೇ ನನ್ನ ಪ್ರಕಾರ ಪರೀಕ್ಷೆ. ಮೊದಲ ಪಟ್ಟಿಯಲ್ಲಿ ಅದು ಎಲ್ಲೋ ನಡುವೆ ಕಳೆದುಹೋಗಿತ್ತು. ಹೊರಗೆ ತಳ್ಳಿದ ಗುಂಪಿನಿಂದ ಅಳೆದು ನೋಡಿದ ಯಾವುದೂ ಈ ಸಲ ಚೆನ್ನಾಗಿ ಕೆಲಸ ಮಾಡಲಿಲ್ಲ. ಒಳಗೆ ಉಳಿಸಿಕೊಂಡದ್ದರಲ್ಲಿ ಅರ್ಧಕ್ಕರ್ಧ ಸಾಧಾರಣವೇ. ತಳ್ಳುವ ಕೆಲಸಕ್ಕೆ ಮಾಡೆಲ್ ಆದೀತು, ಆರಿಸುವ ಕೆಲಸಕ್ಕೆ ಇನ್ನೂ ಲ್ಯಾಬೇ ಬೇಕು.

ಒಂದು ಹೊಸ ಮಿಶ್ರಲೋಹ ನಿಜವಾದ ಮೇಲ್ಮೈಯ ಲೆಕ್ಕದಲ್ಲಿ ನಿಕ್ಕಲ್-ಮಾಲಿಬ್ಡಿನಂಗೆ ಸಮಸಮ ನಿಂತಿತು. ಆದರೆ ಯಂತ್ರ ನಿಲ್ಲಿಸಿ ಮತ್ತೆ ಶುರು ಮಾಡುವ ಪರೀಕ್ಷೆಯಲ್ಲಿ ಸೋತಿತು. ಕರೆಂಟ್ ಇರುವವರೆಗೆ ಇಂಥ ಕ್ಯಾಥೋಡ್ ಬಹುಮಟ್ಟಿಗೆ ಸುರಕ್ಷಿತ. ನಿಲ್ಲಿಸಿದ ಕ್ಷಣದಿಂದ ಅದರ ವೋಲ್ಟೇಜ್ ಮೇಲೇರುತ್ತದೆ, ಕರಗುವ ಧಾತು ಕರಗಲು ಶುರುವಾಗುತ್ತದೆ. ಮಾಲಿಬ್ಡಿನಂಗೂ ಈ ಕಾಯಿಲೆ ಇದೆ, ಅದು ಮಾಲಿಬ್ಡೇಟ್ ಆಗಿ ದ್ರಾವಣಕ್ಕೆ ಇಳಿಯುತ್ತದೆ. ಸ್ಥಿರತೆಯ ಲೆಕ್ಕವನ್ನು ತಂಡ ಕೆಲಸದ ವೋಲ್ಟೇಜ್‌ಗೆ ಮಾತ್ರ ಹಾಕಿತ್ತು, ನಿಂತ ಯಂತ್ರಕ್ಕೆ ಹಾಕಿರಲಿಲ್ಲ. ಬಿಸಿಲು, ಗಾಳಿಯ ವಿದ್ಯುತ್ತಿನಿಂದ ನಡೆಯುವ ಎಲೆಕ್ಟ್ರೋಲೈಸರ್ ಆಗಾಗ ನಿಲ್ಲುತ್ತಲೇ ಇರುತ್ತದೆ. ಈಗ ಅವರ ಪಟ್ಟಿಯಲ್ಲಿ ಅದಕ್ಕೂ ಒಂದು ಕಾಲಂ ಇದೆ.

ಇನ್ನು ಇಂಜಿನಿಯರ್ ಮಾತು. ಅಲ್ಯೂಮಿನಿಯಂ ಸ್ಯಾಂಪಲ್ ಕಥೆಯನ್ನು ಸೋಲು ಅಂತ ಎಲ್ಲರೂ ಹೇಳಿಕೊಳ್ಳುತ್ತಿದ್ದಾಗ ಅವರು ಅದರ ಕರೆಂಟ್ ಗ್ರಾಫ್ ನೋಡಿ, "ಇದನ್ನು ಯಾಕೆ ಬಿಸಾಡ್ತೀರಿ?" ಅಂದರು. ಅವರಿಗೆ ಹೊರಗಿನ ಒಂದು ಚದರ ಸೆಂಟಿಮೀಟರಿನಿಂದ ಎಷ್ಟು ಹೈಡ್ರೋಜನ್ ಬರುತ್ತದೆ ಅನ್ನುವುದು ಮುಖ್ಯ. ತೂತು ತೂತಾದ ನಿಕ್ಕಲ್ ಅದನ್ನು ಧಾರಾಳವಾಗಿ ಕೊಡುತ್ತದೆ, ಕೈಗಾರಿಕೆಯಲ್ಲಿ ರೇನಿ ನಿಕ್ಕಲ್ ಕ್ಯಾಥೋಡ್ ಬಳಸುವುದೂ ಅದಕ್ಕೇ. ಅಂದಿನಿಂದ ತಂಡ ಎರಡು ಅಂಕಿ ಬರೆಯುತ್ತದೆ. ನಿಜವಾದ ಮೇಲ್ಮೈಯ ಲೆಕ್ಕದ್ದು ಮಾಡೆಲ್‌ಗೆ, ಹೊರಗಿನ ವಿಸ್ತೀರ್ಣದ್ದು ಯಂತ್ರ ಕಟ್ಟುವವರಿಗೆ. ಅಲ್ಯೂಮಿನಿಯಂ ಸ್ಯಾಂಪಲ್ ಮೊದಲ ಸಾಲಿನಿಂದ ಹೊರಬಿತ್ತು. ಎರಡನೇ ಸಾಲಿನಲ್ಲಿ ಈಗಲೂ ಮೇಲುಗಡೆಯೇ ಇದೆ.